ಗಾಲ್ಫ್ ಕಾರ್ಟಿಗೆ ಕಳ್ಳ ಸ್ವಿಚ್: ಮಳೆಗಾಲ ಕಂಡ ಮೇಲೆ ಬರೆಯುತ್ತಿದ್ದೇನೆ

ಕಳ್ಳ ಸ್ವಿಚ್ ಅಂದರೆ ಬೇರೆಯವರು ಗಾಡಿ ಓಡಿಸದಂತೆ ಕಣ್ಣಿಗೆ ಬೀಳದ ಕಡೆ ಅಡಗಿಸಿಡುವ ಸ್ವಿಚ್. ಕಳ್ಳರ ವಿಷಯದಲ್ಲಿ ಇದರ ಮೇಲೆ ನನ್ನದು ದೂರಿಲ್ಲ. ಜಗಳ ಇರುವುದು ಉಪ್ಪು ಗಾಳಿಯ ಜೊತೆ.

ಉಡುಪಿ ಹತ್ತಿರ ಕಡಲ ಬದಿಯ ಮಟ್ಟುವಿನಲ್ಲಿ ನಮ್ಮದೊಂದು ಸಣ್ಣ ಹೋಮ್‌ಸ್ಟೇ. ರಸ್ತೆಯಿಂದ ಮನೆವರೆಗೆ ತೆಂಗಿನ ತೋಟದೊಳಗೆ ಮರಳು ದಾರಿ. ಗೆಸ್ಟ್‌ಗಳ ಬ್ಯಾಗು, ಸೀಸನ್‌ನಲ್ಲಿ ಗುಳ್ಳದ (ನಮ್ಮೂರ ಬದನೆ) ಚೀಲ, ಎಲ್ಲ ಹೊರುವುದು ಒಂದು ಹಳೇ 48 ವೋಲ್ಟ್ ಗಾಲ್ಫ್ ಕಾರ್ಟ್, ಬ್ಯಾಟರಿಯಲ್ಲಿ ಓಡುವ ಸಣ್ಣ ಗಾಡಿ. (ಗಾಲ್ಫ್ ನಾನು ಆಡಿದವನಲ್ಲ, ಮಂಗಳೂರಿನ ಪಿಲಿಕುಳದ ಗಾಲ್ಫ್ ಮೈದಾನ ಹೊರಗಿಂದ ನೋಡಿದ್ದು ಅಷ್ಟೇ.) ಇದರ ಕೀ ಒಂದು ತಮಾಷೆ ಮಾರಾಯ್ರೆ. ಒಂದೇ ಕಂಪನಿಯ ಎಷ್ಟೋ ಕಾರ್ಟ್‌ಗಳಿಗೆ ಒಂದೇ ಕೀ ಆಗುತ್ತದೆ, ಆನ್‌ಲೈನಲ್ಲಿ ಬಿಡಿಯಾಗಿಯೂ ಸಿಗುತ್ತದೆ. ಬೀಗ ಇದ್ದೂ ಇಲ್ಲದ ಹಾಗೆ.

ಸ್ವಿಚ್ ಹಾಕುವುದು ದೊಡ್ಡ ವಿದ್ಯೆ ಅಲ್ಲ. ಬ್ಯಾಟರಿಯಿಂದ ಮೋಟರಿಗೆ ಹೋಗುವ ದಪ್ಪ ಕೇಬಲ್ ಮುಟ್ಟಬಾರದು, ಅದರಲ್ಲಿ ನೂರಾರು ಆಂಪ್ ಹರಿಯುತ್ತದೆ, ಸಣ್ಣ ಸ್ವಿಚ್ ಸುಟ್ಟೇ ಹೋದೀತು. ಪೆಡಲ್ ಒತ್ತಿದಾಗ 'ಟಕ್' ಅಂತ ಕೂಡಿಕೊಂಡು ಮೋಟರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್ಚೇ ಸೊಲೆನಾಯ್ಡ್. ಕೀಯಿಂದ ಅದರ ಕಡೆ ಹೋಗುವ ತೆಳು ವಯರ್ ಉಂಟಲ್ಲ, ಅದರ ನಡುವೆ ಕಳ್ಳ ಸ್ವಿಚ್ ಕೂರಿಸಬೇಕು. ಆಫ್ ಇದ್ದರೆ ಪೆಡಲ್ ಒತ್ತಿದರೂ ಆ 'ಟಕ್' ಸದ್ದು ಬರುವುದಿಲ್ಲ. ಬ್ಯಾಟರಿ ಸತ್ತಿದೆ ಅಂತ ಕಳ್ಳ ಬಿಟ್ಟುಹೋಗಬೇಕು.

ರಾತ್ರಿ ಊಟ ಆಗಿ ಕೈ ತೊಳೆದು, ಟಾರ್ಚ್ ಹಿಡಿದು ಗೇಟ್ ಹಾಕಲು ಹೋಗುತ್ತೇನೆ. ಬರುವಾಗ ಕಾರ್ಟನ್ನು ರಿವರ್ಸ್‌ನಲ್ಲಿ ಶೆಡ್ಡಿಗೆ ಹಾಕಿ, ಬಿದ್ದುಹೋದ ಚಿಲ್ಲರೆ ಹುಡುಕುವವನ ಹಾಗೆ ಒಂದು ಕಡೆ ಕೈ ತೂರಿಸುತ್ತೇನೆ. ಎಲ್ಲಿ ಅಂತ ಹೇಳಲ್ಲ, ಆಯ್ತಾ. ಬೆರಳಿಗೆ ಕ್ಲಿಕ್. ಆಮೇಲೆ ಕೀ ತಿರುಗಿಸಿ ಪೆಡಲ್ ಒತ್ತಿ ನೋಡಲೇಬೇಕು, ಹೋಗುವುದಿಲ್ಲ ಅಂತ ಗೊತ್ತಿದ್ದರೂ. ಆಮೇಲೆ ಚಾರ್ಜರ್ ಚುಚ್ಚುವುದು. ನಮ್ಮ ಕಾರ್ಟಿನಲ್ಲಿ ಸ್ವಿಚ್ ಆಫ್ ಇದ್ದರೂ ಚಾರ್ಜ್ ಆಗುತ್ತದೆ. ಹೆಂಡತಿ ನಗುತ್ತಾಳೆ, ನಗಲಿ.

ಜೂನ್ ಬಂತು ನೋಡಿ, ಖುಷಿ ಮುಗಿಯಿತು. ಹಾಕಿಕೊಟ್ಟ ಎಲೆಕ್ಟ್ರಿಷಿಯನ್ ಬಳಸಿದ್ದು ಮನೆ ಕರೆಂಟಿಗೆ ಆಗುವ ಸಾದಾ ಟಾಗಲ್ ಸ್ವಿಚ್, ಮೇಲೆ ಮುಚ್ಚಳವೂ ಇಲ್ಲ. ಮನೆ ಕರೆಂಟಿನ (ಎಸಿ) ಸ್ವಿಚ್ಚನ್ನು ಬ್ಯಾಟರಿ ಕರೆಂಟಿಗೆ (ಡಿಸಿ) ಹಾಕಿದರೆ ಆಫ್ ಮಾಡುವಾಗ ಕಿಡಿ ಬೇಗ ಆರುವುದಿಲ್ಲ, ಒಳಗೆ ಕರೆಂಟ್ ಕೂಡಿಸುವ ಲೋಹದ ತುದಿಗಳು ಕಪ್ಪಾಗುತ್ತಾ ಹೋಗುತ್ತವೆ. ಅದರ ಮೇಲೆ ಕಡಲ ಗಾಳಿ. ಒಳಗೆಲ್ಲ ಹಸಿರು ಹಿಡಿದು ಒಂದು ದಿನ ಜೋರು ಮಳೆಯಲ್ಲಿ, ಗೆಸ್ಟ್‌ಗಳು ಕೂತಿರುವಾಗಲೇ, ದಾರಿ ಮಧ್ಯೆ ಗಾಡಿ ನಿಂತಿತು. ನಾನು ಮಂಗಳೂರಿನಲ್ಲಿದ್ದೆ. ಕೆಲಸದ ಹುಡುಗ ಮೆಕ್ಯಾನಿಕನ್ನು ಕರೆಸಿದ, ಪಾಪ ಆತ ಬ್ಯಾಟರಿ ಒಂದೊಂದೇ ಚೆಕ್ ಮಾಡಿ, ಸೊಲೆನಾಯ್ಡ್ ಬಿಚ್ಚಿ, ಕೊನೆಗೆ ಕಂಟ್ರೋಲರ್, ಅಂದರೆ ಮೋಟರಿನ ವೇಗ ನೋಡಿಕೊಳ್ಳುವ ಪೆಟ್ಟಿಗೆ, ಹೋಗಿದೆ ಅಂದುಬಿಟ್ಟ. ಹೋಗಿದ್ದು ಅವನಿಗೆ ಗೊತ್ತೇ ಇಲ್ಲದ ಈ ಸ್ವಿಚ್. ಕಳ್ಳನಿಗೆ ಮಾಡಬೇಕಾದ ಮೋಸ ಮೆಕ್ಯಾನಿಕ್‌ಗೆ ಆಯಿತು! ಕಂಟ್ರೋಲರ್ ಬೆಲೆ ಕೇಳಿ ನನಗೆ ಆ ದಿನ ಊಟ ಸೇರಲಿಲ್ಲ.

ಈಗಿರುವುದು ಡಿಸಿ ರೇಟಿಂಗ್ ಇರುವ, ರಬ್ಬರ್ ಟೊಪ್ಪಿಯ ವಾಟರ್‌ಪ್ರೂಫ್ ಸ್ವಿಚ್. ಜಾಯಿಂಟ್‌ಗೆ ಬೆಸುಗೆ, ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ, ಪಕ್ಕದಲ್ಲಿ ಸಣ್ಣ ಫ್ಯೂಸ್. ಖರ್ಚು ಏನೂ ಅಲ್ಲ, ಮೊದಲೇ ಇದನ್ನೇ ಹಾಕಬಹುದಿತ್ತಲ್ವಾ? ಇದು ಹಾಕಿದ ಮೇಲೆ ತಕರಾರಿಲ್ಲ. ಸಿಟ್ಟೂ ಇಳಿದಿದೆ.

ಒಂದು ಮಾತ್ರ ತಿಳಿದಿರಲಿ. ಸೀಟಿನ ಕೆಳಗೆ ರನ್ (ಓಡಿಸಲು), ಟೋ (ಎಳೆದೊಯ್ಯಲು) ಅಂತ ಇನ್ನೊಂದು ಸ್ವಿಚ್ ಇರುವ ಗಾಡಿಯಾದರೆ, ಅದನ್ನು ಟೋಗೆ ಹಾಕಿ ಗಾಡಿಯನ್ನು ಸುಮ್ನೆ ತಳ್ಳಿಕೊಂಡು ಹೋಗಬಹುದು. ಪಿಕಪ್ ತಂದವನಿಗೆ ಕಳ್ಳ ಸ್ವಿಚ್ ಲೆಕ್ಕವೇ ಇಲ್ಲ. ಅದಕ್ಕೆ ಚಕ್ರಕ್ಕೂ ಶೆಡ್ಡಿನ ಕಂಬಕ್ಕೂ ಸೇರಿಸಿ ಚೈನ್ ಬಿಗಿಯುತ್ತೇನೆ, ಅದಕ್ಕೆ ಸ್ವಿಚ್ಚಿಗಿಂತ ಜಾಸ್ತಿ ದುಡ್ಡಾಯಿತು. ಜಿಪಿಎಸ್ ಹಾಕಿ ಅಂತ ಅಳಿಯ ಹೇಳುತ್ತಾನೆ. ತೋಟದೊಳಗೆ ಓಡುವ ಗಾಡಿಗೆ ಸಿಮ್ ರೀಚಾರ್ಜ್ ಮಾಡುತ್ತಾ ಕೂರುವುದು ನನ್ನ ಜೇಬಿಗೆ ಒಗ್ಗುವ ಮಾತಲ್ಲ.

ಐದರಲ್ಲಿ ನಾಲ್ಕು ಸ್ಟಾರ್. ಕಡಲ ಹತ್ತಿರ ಇರುವವರು ಮೇ ಕೊನೆಯಲ್ಲಿ ಆ ರಬ್ಬರ್ ಟೊಪ್ಪಿ ಬಿರುಕು ಬಿಟ್ಟಿದೆಯಾ ನೋಡಿಬಿಡಿ, ಅದು ಮಾತ್ರ ಬೇರೆಯಾಗಿ ಸಿಗುತ್ತದೆ.