ಕಚೇರಿಯ ಇಪಿಎಬಿಎಕ್ಸ್‌ಗೆ ಕಂಪ್ಯೂಟರ್, ಕಾಲ್ ಲಾಗರ್: ಹದಿನಾಲ್ಕು ತಿಂಗಳ ಬಳಕೆಯ ನಂತರದ ವಿಮರ್ಶೆ

ದಾವಣಗೆರೆಯಲ್ಲಿ ನಾನು ಆಡಳಿತ ಮತ್ತು ಲೆಕ್ಕಪತ್ರ ನೋಡಿಕೊಳ್ಳುವ ಸಗಟು ಔಷಧ ವಿತರಣಾ ಕಚೇರಿಯಲ್ಲಿ ವ್ಯಾಪಾರದ ಬಹುಪಾಲು ಇಂದಿಗೂ ಲ್ಯಾಂಡ್‌ಲೈನ್ ಮೇಲೆಯೇ ನಡೆಯುತ್ತದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ ಹರಿಹರ, ಚನ್ನಗಿರಿ, ಜಗಳೂರು, ಹರಪನಹಳ್ಳಿ ಕಡೆಯ ಮೆಡಿಕಲ್ ಶಾಪ್‌ನವರು ಆರ್ಡರ್ ಹೇಳುತ್ತಾರೆ. ಮಧ್ಯಾಹ್ನದ ಗಾಡಿಗೆ ಮಾಲು ಹೊರಡಬೇಕು. ಪಟ್ಟಿಯನ್ನು ವಾಟ್ಸ್ಆ್ಯಪ್ ಮಾಡಿ ಎಂದು ಎಷ್ಟು ಸಲ ಕೇಳಿಕೊಂಡರೂ, ಕೌಂಟರಿನ ಮುಂದೆ ಗಿರಾಕಿಗಳು ನಿಂತಿರುವಾಗ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹೇಳಿಬಿಡುವುದೇ ಅವರಿಗೆ ಸಲೀಸು. ಹೀಗೆ ಬಂದ ಆರ್ಡರಿನಲ್ಲಿ ‘ಮೆಟ್‌ಫಾರ್ಮಿನ್ ಐನೂರು’ ಎಂದರೆ 500 ಮಿಲಿಗ್ರಾಂನದ್ದೋ 500 ಮಾತ್ರೆಯೋ, ‘ಹತ್ತು’ ಎಂದರೆ ಹತ್ತು ಸ್ಟ್ರಿಪ್ಪೋ ಹತ್ತು ಬಾಕ್ಸೋ ಎಂಬ ತಕರಾರು ವಾರಕ್ಕೆ ಎರಡಾದರೂ ಬರುತ್ತಿತ್ತು. ವಾಪಸ್ ಬಂದ ಮಾಲಿನ ಸಾಗಣೆ ಖರ್ಚು ಯಾರದು ಎಂಬ ವಾದ ಬೇರೆ. ಇದಕ್ಕೆ ಪರಿಹಾರವೆಂದು ಕಳೆದ ವರ್ಷ ಹೊರಗಿನ ಲೈನುಗಳನ್ನು ಕಚೇರಿಯೊಳಗಿನ ಫೋನುಗಳಿಗೆ ಹಂಚುವ ನಮ್ಮ ಇಪಿಎಬಿಎಕ್ಸ್‌ಗೆ ಕಂಪ್ಯೂಟರನ್ನೂ ಕರೆಗಳನ್ನು ದಾಖಲಿಸುವ ಯಂತ್ರಗಳನ್ನೂ ಜೋಡಿಸಿಕೊಂಡೆವು.

ಕೊಂಡದ್ದು ನಾಲ್ಕು ವಸ್ತು. ಇಪಿಎಬಿಎಕ್ಸ್‌ನಿಂದ ಹೊರಬರುವ ಕರೆ ವಿವರಗಳನ್ನು ಓದುವ ಸಾಫ್ಟ್‌ವೇರ್, ಕಂಪ್ಯೂಟರ್ ಬಂದ್ ಆಗಿದ್ದಾಗ ಆ ವಿವರಗಳನ್ನು ಹಿಡಿದಿಟ್ಟುಕೊಳ್ಳುವ ಬಫರ್ ಪೆಟ್ಟಿಗೆ, ಮಾತನ್ನು ಧ್ವನಿಮುದ್ರಿಸುವ ನಾಲ್ಕು ಚಾನೆಲ್‌ನ ಯುಎಸ್‌ಬಿ ವಾಯ್ಸ್ ಲಾಗರ್, ಮತ್ತು ಕರೆ ಬಂದೊಡನೆ ಅಂಗಡಿಯ ಹೆಸರನ್ನು ಪರದೆಯ ಮೇಲೆ ತೋರಿಸುವ ಪಾಪ್‌ಅಪ್ ತಂತ್ರಾಂಶ. ವೈರಿಂಗ್ ಸೇರಿ, ಜಿಎಸ್‌ಟಿ ಬಿಟ್ಟು, 44,000 ರೂಪಾಯಿ ಆಯಿತು. ತಯಾರಕರ ಮತ್ತು ಡೀಲರ್‌ನ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಹೇಳಬೇಕಾದ ಗುಣದೋಷಗಳಲ್ಲಿ ಹೆಚ್ಚಿನವು ಒಂದು ಕಂಪನಿಯವಲ್ಲ, ಇಂಥ ಜೋಡಣೆಯ ಸ್ವಭಾವಕ್ಕೇ ಸೇರಿದವು.

ಮೊದಲು ಹಳೆಯದರಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಡೀ ಜೋಡಣೆಯಲ್ಲಿ ಅತ್ಯಂತ ನಂಬಿಕಸ್ಥವೆಂದು ಸಾಬೀತಾದದ್ದು ಅದೇ. ನಮ್ಮ ಇಪಿಎಬಿಎಕ್ಸ್‌ನ ಬದಿಯಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇದೆ. 1960ರಲ್ಲಿ ರೂಪುಗೊಂಡ ಆರ್‌ಎಸ್-232 ಮಾನಕದ ಈ ಪೋರ್ಟಿನಿಂದ, ಒಂದೊಂದು ಕರೆ ಮುಗಿದಾಗಲೂ ಒಂದು ಸಾಲು ಹೊರಬೀಳುತ್ತದೆ; ಇದಕ್ಕೆ ಎಸ್‌ಎಂಡಿಆರ್ ಎನ್ನುತ್ತಾರೆ. ದಿನಾಂಕ, ವೇಳೆ, ಎಕ್ಸ್‌ಟೆನ್ಷನ್ (ಕಚೇರಿಯೊಳಗಿನ ಫೋನ್), ಟ್ರಂಕ್ ಲೈನ್ (ಹೊರಗಿನ ಲೈನ್), ಒತ್ತಿದ ಅಥವಾ ಒಳಬಂದ ಸಂಖ್ಯೆ, ಅವಧಿ, ಇಷ್ಟೇ. ಸಾಫ್ಟ್‌ವೇರ್ ಇಲ್ಲದೆಯೂ, ಯಾವುದೇ ಉಚಿತ ಟರ್ಮಿನಲ್ ತಂತ್ರಾಂಶವನ್ನು ತೆರೆದು ವೇಗವನ್ನು ಇಪಿಎಬಿಎಕ್ಸ್‌ನಲ್ಲಿರುವಂತೆಯೇ ಹೊಂದಿಸಿದರೆ, ನಮ್ಮದರಲ್ಲಿ 9600 ಬಾಡ್, ಎಂಟು ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್, ಆ ಸಾಲುಗಳು ಕಣ್ಣೆದುರೇ ಮೂಡುತ್ತವೆ. ಡೀಲರ್ ಕಳಿಸಿದ ಹುಡುಗ ಅರ್ಧ ದಿನ ಒದ್ದಾಡಿ ‘ಪೋರ್ಟ್ ಹೋಗಿದೆ ಸಾರ್, ಕಾರ್ಡ್ ಬದಲಾಯಿಸಬೇಕು’ ಎಂದಿದ್ದ. ಕೊನೆಗೆ ನೋಡಿದರೆ ಕೇಬಲ್ ಬೇರೆಯದಾಗಿತ್ತು: ಎರಡನೆಯ ಮತ್ತು ಮೂರನೆಯ ಪಿನ್ನುಗಳು ಅಡ್ಡಡ್ಡ ಬದಲಾಗಬೇಕಾದ ಕಡೆ ನೇರ ಕೇಬಲ್ ಹಾಕಿದ್ದರು. ಅರವತ್ತು ರೂಪಾಯಿಯ ಒಂದು ಅಡಾಪ್ಟರಿನಿಂದ ಪೋರ್ಟ್ ಮತ್ತೆ ಜೀವ ಪಡೆಯಿತು. ಈಗಿನ ಕಂಪ್ಯೂಟರುಗಳಲ್ಲಿ ಸೀರಿಯಲ್ ಪೋರ್ಟ್ ಇರುವುದಿಲ್ಲವಾದ್ದರಿಂದ ಯುಎಸ್‌ಬಿ ಕನ್ವರ್ಟರ್ ಬೇಕಾಗುತ್ತದೆ. ಇಲ್ಲಿ ಮಾತ್ರ ಅಗ್ಗದ ಮಾಲಿಗೆ ಕೈ ಹಾಕಬಾರದು. ನಮ್ಮ ಮೊದಲನೆಯ ಕನ್ವರ್ಟರ್ ವಿಂಡೋಸ್ ಅಪ್‌ಡೇಟ್ ಆದ ಮರುದಿನವೇ ಕಂಪ್ಯೂಟರಿಗೆ ಕಾಣದಾಯಿತು, ಮತ್ತು ಅದು ಕಾಣುತ್ತಿಲ್ಲವೆಂಬುದು ನಮಗೆ ತಿಳಿದದ್ದು ಹನ್ನೊಂದು ದಿನಗಳ ನಂತರ.

ಆ ಹನ್ನೊಂದು ದಿನಗಳ ವಿವರ ಉಳಿದದ್ದು ಬಫರ್ ಪೆಟ್ಟಿಗೆಯಿಂದ. ಅಂಗೈ ಅಗಲದ ಈ ಪೆಟ್ಟಿಗೆ ಇಪಿಎಬಿಎಕ್ಸ್ ಮತ್ತು ಕಂಪ್ಯೂಟರಿನ ನಡುವೆ ಕುಳಿತು, ಬಂದ ಸಾಲುಗಳನ್ನೆಲ್ಲ ತನ್ನ ನೆನಪಿನಲ್ಲಿ ಇಟ್ಟುಕೊಂಡು, ಕಂಪ್ಯೂಟರ್ ಕೇಳಿದಾಗ ಒಪ್ಪಿಸುತ್ತದೆ. ಸೀರಿಯಲ್ ಪೋರ್ಟಿಗೆ ಕೇಳುವವರಿದ್ದಾರೋ ಇಲ್ಲವೋ ಎಂಬ ಪರಿವೆ ಇಲ್ಲ. ಆಚೆ ತುದಿಯಲ್ಲಿ ಯಾರೂ ಇಲ್ಲದಿದ್ದರೂ ಅದು ಸಾಲನ್ನು ಹೊರಹಾಕುತ್ತದೆ, ಸಾಲು ಗಾಳಿಗೆ ಹೋಗುತ್ತದೆ. ಸಂಜೆ ಹೊರಡುವಾಗ ಸ್ವಿಚ್ ಆರಿಸಿ ಹೋಗುವ ಅಭ್ಯಾಸವಿರುವ ಕಚೇರಿಗೆ, ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಊರಿಗೆ, ಈ 8,500 ರೂಪಾಯಿ ದಂಡವಲ್ಲ. ಇದರ ಬಗ್ಗೆ ನನಗೆ ಹೇಳುವುದಕ್ಕೆ ದೂರು ಏನೂ ಇಲ್ಲ.

ಸಾಫ್ಟ್‌ವೇರಿನ ಕತೆಯೇ ಬೇರೆ. ಕಾಲ್ ಬಿಲ್ಲಿಂಗ್ ಎಂಬ ಹೆಸರಿನಲ್ಲಿ ಮಾರುವ ಈ ತಂತ್ರಾಂಶ ಹುಟ್ಟಿದ್ದು ಎಸ್‌ಟಿಡಿ ಕರೆಗೆ ಪಲ್ಸ್ ಲೆಕ್ಕದಲ್ಲಿ ಹಣ ಬೀಳುತ್ತಿದ್ದ ಕಾಲದಲ್ಲಿ. ಯಾವ ಎಕ್ಸ್‌ಟೆನ್ಷನ್‌ನಿಂದ ಎಷ್ಟು ಖರ್ಚಾಯಿತು ಎಂದು ಹೇಳುವುದೇ ಅದರ ಮುಖ್ಯ ಕಸುಬು. ಈಗ ನಮ್ಮ ಮೂರೂ ಲೈನುಗಳಿಗೆ ತಿಂಗಳ ಬಾಡಿಗೆಯಲ್ಲೇ ಅನಿಯಮಿತ ಕರೆ. ಆದರೂ ತಂತ್ರಾಂಶ ಮೊದಲ ತಿಂಗಳ ಕೊನೆಗೆ 11,000 ರೂಪಾಯಿಗೂ ಮೀರಿದ ಬಿಲ್ಲನ್ನು ತಯಾರಿಸಿ ಕೊಟ್ಟಿತು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡಲು ಮೊದಲು ಸೊನ್ನೆ ಒತ್ತುವುದು ಕಡ್ಡಾಯವಾಗಿದೆ. ಈ ತಂತ್ರಾಂಶದ ದರಪಟ್ಟಿ ಅದಕ್ಕೂ ಹಿಂದಿನದು. ಸೊನ್ನೆಯಿಂದ ಆರಂಭವಾದ ಸಂಖ್ಯೆಯೆಲ್ಲ ಅದರ ಪಾಲಿಗೆ ಎಸ್‌ಟಿಡಿ. ದರಪಟ್ಟಿಯನ್ನು ನಾವೇ ಅಳಿಸಿ ಶೂನ್ಯ ಮಾಡಿದೆವು. ಹಾಗೆ ಮಾಡಿದ ಮೇಲೆ ಉಳಿದದ್ದು ಸಾಲುಗಳನ್ನು ಪಟ್ಟಿ ಮಾಡುವ ಕೆಲಸವೊಂದೇ, ಅದನ್ನು ಎಕ್ಸೆಲ್ ಶೀಟ್ ಇದಕ್ಕಿಂತ ಚೆನ್ನಾಗಿ ಮಾಡುತ್ತದೆ. 9,000 ರೂಪಾಯಿ ವ್ಯರ್ಥವಾಯಿತೆಂದೇ ನನ್ನ ಅಭಿಪ್ರಾಯ.

ಅವಧಿಯ ಅಂಕಣದ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯ ಅನಲಾಗ್ ಲೈನಿನಲ್ಲಿ ನಾವು ಹೊರಗೆ ಕರೆ ಮಾಡಿದಾಗ ಆ ಕಡೆಯವರು ಯಾವ ಕ್ಷಣದಲ್ಲಿ ಎತ್ತಿದರು ಎಂಬುದು ಇಪಿಎಬಿಎಕ್ಸ್‌ಗೆ ತಾನಾಗಿ ತಿಳಿಯುವುದಿಲ್ಲ. ಎಕ್ಸ್‌ಚೇಂಜ್ ಆ ಕ್ಷಣದಲ್ಲಿ ಲೈನಿನ ಧ್ರುವವನ್ನು ತಿರುಗಿಸಿದರೆ, ಅಂದರೆ ಪೊಲಾರಿಟಿ ರಿವರ್ಸಲ್ ಕೊಟ್ಟರೆ, ಅದನ್ನು ಗುರುತಿಸುವ ಸೌಲಭ್ಯ ಇಪಿಎಬಿಎಕ್ಸ್‌ನಲ್ಲಿದ್ದರೆ, ಆಗ ಮಾತ್ರ ನಿಜವಾದ ಅವಧಿ ಸಿಗುತ್ತದೆ. ಹಿಂದೆ ಎಸ್‌ಟಿಡಿ ಬೂತುಗಳಲ್ಲಿ ಕರೆ ಎತ್ತಿದೊಡನೆ ಕೆಂಪು ಅಂಕಿಗಳು ಓಡಲಾರಂಭಿಸುತ್ತಿದ್ದುದನ್ನು ಕಂಡವರಿಗೆ ಇದು ಹೊಸದೇನಲ್ಲ. ಅಲ್ಲಿನ ಮೀಟರಿಗೂ ಇಂಥದೇ ಸಂಜ್ಞೆಯೋ 16 ಕಿಲೋಹರ್ಟ್ಸ್ ಪಲ್ಸೋ ಬರುತ್ತಿತ್ತು. ನಮ್ಮ ಎರಡು ಲೈನುಗಳು ಈಗ ಫೈಬರ್ ಪೆಟ್ಟಿಗೆಯ ಫೋನ್ ಪೋರ್ಟಿನಿಂದ ಬರುತ್ತವೆ, ಅಲ್ಲಿ ಈ ಸಂಜ್ಞೆ ಇಲ್ಲ. ಹೀಗಾಗಿ ರಿಂಗ್ ಆಗಿ ಯಾರೂ ಎತ್ತದ ಕರೆಯೂ ‘ನಲವತ್ತು ಸೆಕೆಂಡ್ ಮಾತು’ ಎಂದು ದಾಖಲಾಗುತ್ತದೆ. ಬಾಕಿ ವಸೂಲಿಗೆ ಯಾರು ಎಷ್ಟು ಹೊತ್ತು ಮಾತನಾಡಿದರು ಎಂದು ಈ ಅಂಕಣ ನೋಡಿ ಸಿಬ್ಬಂದಿಯನ್ನು ಅಳೆಯಲು ಹೊರಟರೆ ಅನ್ಯಾಯವಾಗುತ್ತದೆ. ಒಳಬರುವ ಕರೆಗಳಲ್ಲಿ ಈ ತೊಂದರೆ ಇಲ್ಲ, ಎತ್ತುವವರು ನಾವೇ ಆದ್ದರಿಂದ.

ಇನ್ನು ವಾಯ್ಸ್ ಲಾಗರ್. ನಾವು ಇಷ್ಟೆಲ್ಲ ಖರ್ಚು ಮಾಡಿದ್ದು ನಿಜವಾಗಿ ಇದಕ್ಕಾಗಿಯೇ. ಡೀಲರ್ ಮೊದಲು ಇದನ್ನು, ಫೋನ್ ತಂತಿಗಳೆಲ್ಲ ಬಂದು ಸೇರುವ ಕ್ರೋನ್ ಬಾಕ್ಸಿನಲ್ಲಿ, ಮೂರು ಟ್ರಂಕ್ ಲೈನುಗಳಿಗೆ ಸಮಾನಾಂತರವಾಗಿ ಜೋಡಿಸಿದ. ಲೈನಿಗೆ ಎರಡು ಜಂಪರ್ ವೈರ್, ಐದು ನಿಮಿಷದ ಕೆಲಸ. ಎರಡು ತೊಡಕುಗಳು ಅಂದೇ ಎದುರಾದವು. ಟ್ರಂಕಿನ ಮೇಲೆ ಕುಳಿತ ಯಂತ್ರಕ್ಕೆ ಮಾತು ಕೇಳಿಸುತ್ತದೆಯೇ ಹೊರತು ಒಳಗೆ ಯಾವ ಎಕ್ಸ್‌ಟೆನ್ಷನ್ ಮಾತನಾಡುತ್ತಿದೆ ಎಂಬುದು ಗೊತ್ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ನಮ್ಮ ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳು ಮನೆಗೆ ಫೋನ್ ಮಾಡಿ ಮಗುವಿಗೆ ಜ್ವರ ಇಳಿದಿದೆಯೇ ಎಂದು ಕೇಳಿದ್ದೂ ಅದರಲ್ಲಿ ಸೇರಿತ್ತು. ಅದನ್ನು ಕೇಳಿದ ಮೇಲೆ ಆ ಸಂಜೆಯೇ ಟ್ಯಾಪನ್ನು ಟ್ರಂಕಿನಿಂದ ತೆಗೆಸಿ, ಆರ್ಡರ್ ತೆಗೆದುಕೊಳ್ಳುವ 103 ಮತ್ತು 104ನೇ ಎಕ್ಸ್‌ಟೆನ್ಷನ್‌ಗಳ ಜೋಡಿ ತಂತಿಗೆ ಹಾಕಿಸಿದೆ. ಆ ಎರಡು ಫೋನುಗಳ ಮೇಲೆ ‘ಇಲ್ಲಿ ಮಾತು ದಾಖಲಾಗುತ್ತದೆ’ ಎಂಬ ಚೀಟಿ ಇದೆ, ಆರ್ಡರ್ ಲೈನಿಗೆ ಕರೆ ಮಾಡಿದವರಿಗೆ ಮೊದಲು ಅದೇ ಮಾತು ಕನ್ನಡದಲ್ಲಿ ಕೇಳಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿರುವ ಈ ದಿನಗಳಲ್ಲಿ ಕದ್ದು ದಾಖಲಿಸುವ ಗೋಜಿಗೆ ಯಾರೂ ಹೋಗಬಾರದು. ಇಷ್ಟಾಗಿಯೂ ಡೀಲರ್ ‘ಯಾರಿಗೂ ಗೊತ್ತಾಗಲ್ಲ ಸಾರ್’ ಎಂಬುದನ್ನೇ ಯಂತ್ರದ ದೊಡ್ಡ ಗುಣವೆಂದು ಹೊಗಳಿದ್ದ. ಒಂದು ಮಾತು: ಹೀಗೆ ಎಕ್ಸ್‌ಟೆನ್ಷನ್ ತಂತಿಗೆ ಟ್ಯಾಪ್ ಹಾಕುವುದು ಸಾಮಾನ್ಯ ಅನಲಾಗ್ ಫೋನುಗಳಿಗೆ ಮಾತ್ರ. ಪರದೆ, ಗುಂಡಿಗಳಿರುವ ಡಿಜಿಟಲ್ ಫೋನುಗಳ ತಂತಿಯಲ್ಲಿ ಹರಿಯುವುದು ಆಯಾ ತಯಾರಕರದೇ ಸಂಜ್ಞೆಯಾದ್ದರಿಂದ ಈ ಲಾಗರ್ ಅಲ್ಲಿ ಏನನ್ನೂ ಕೇಳಿಸಿಕೊಳ್ಳಲಾರದು.

ಜಾಗದ ಚಿಂತೆ ಬೇಡ. ಸಂಕುಚಿಸದ ದೂರವಾಣಿ ಧ್ವನಿ ಸೆಕೆಂಡಿಗೆ 64 ಕಿಲೋಬಿಟ್, ಅಂದರೆ ಗಂಟೆಗೆ 28.8 ಎಂಬಿ. ಜಿಎಸ್‌ಎಂ ವಿಧಾನದಲ್ಲಿ ಸಂಕುಚಿಸಿದರೆ ಗಂಟೆಗೆ ಆರು ಎಂಬಿ ಕೂಡ ಆಗುವುದಿಲ್ಲ. ದಿನಕ್ಕೆ ಆರು ಗಂಟೆಯ ಮಾತಿದ್ದರೂ ನಮಗೆ ತಿಂಗಳಿಗೆ ಒಂದು ಜಿಬಿ ತುಂಬಿಲ್ಲ. ಗುಣಮಟ್ಟವೂ ತೃಪ್ತಿಕರ. ಆರಂಭದಲ್ಲಿ ಪ್ರತಿ ದಾಖಲೆಯ ಹಿಂದೆ ಜೇನುಹುಳದಂತೆ ಗುಂಯ್‌ಗುಡುವ ಸದ್ದಿತ್ತು. ಕಂಪ್ಯೂಟರಿನ ಪ್ಲಗ್ಗಿಗೆ ಅರ್ತ್ ಸರಿಯಾಗಿ ಸಿಗುತ್ತಿರಲಿಲ್ಲ, ಅದನ್ನು ಎಲೆಕ್ಟ್ರಿಷಿಯನ್ ಸರಿಪಡಿಸಿದ ಮೇಲೆ ನಿಂತಿತು. ಕ್ರೋನ್ ಬಾಕ್ಸಿನಲ್ಲಿ ಸಿಡಿಲು ತಡೆಯುವ ಮಾಡ್ಯೂಲ್‌ಗಳನ್ನು ಹಾಕಿಸುವುದನ್ನೂ ಮರೆಯಬಾರದು. ಏಪ್ರಿಲ್ ಕೊನೆಯ ಗುಡುಗು ಮಳೆಗೆ ತಂತಿಯ ಮೇಲೆ ಬಂದ ಹೊಡೆತ, ಇಪಿಎಬಿಎಕ್ಸ್ ದಾಟಿ ಕಂಪ್ಯೂಟರಿನವರೆಗೆ ಹೋಗಲು ಈಗ ನಾವೇ ದಾರಿ ಮಾಡಿಕೊಟ್ಟಿರುತ್ತೇವೆ.

ಲಾಗರ್ ಮತ್ತು ಎಸ್‌ಎಂಡಿಆರ್ ಎರಡೂ ಒಟ್ಟಾಗಿ ಹೇಗೆ ಕೆಲಸಕ್ಕೆ ಬರುತ್ತವೆ ಎಂಬುದಕ್ಕೆ ಚನ್ನಗಿರಿಯ ಅಂಗಡಿಯೊಂದರ ಪ್ರಸಂಗವನ್ನು ಹೇಳಬೇಕು. ಅವರು ಪ್ಯಾರಸಿಟಮಾಲ್ 650 ‘ಹತ್ತು ಸ್ಟ್ರಿಪ್’ ಕೇಳಿದ್ದೆವೆಂದರು, ನಾವು ಕಳಿಸಿದ್ದು ಹತ್ತು ಬಾಕ್ಸ್. ಆರ್ಡರ್ ಬರೆದುಕೊಂಡ ನಮ್ಮ ಹುಡುಗ ದೇವರಾಣೆಗೂ ಬಾಕ್ಸ್ ಎಂದೇ ಹೇಳಿದರೆಂದ. ಎಸ್‌ಎಂಡಿಆರ್ ಸಾಲುಗಳಲ್ಲಿ ಆ ಅಂಗಡಿಯ ಸಂಖ್ಯೆಯನ್ನು ಹುಡುಕಿದೆ: ಬೆಳಿಗ್ಗೆ 10:42, ಎಕ್ಸ್‌ಟೆನ್ಷನ್ 104, ಟ್ರಂಕ್ 2, ಮೂರು ನಿಮಿಷ ಹದಿನೇಳು ಸೆಕೆಂಡು. ಲಾಗರ್‌ನಲ್ಲಿ 104ರ ಚಾನೆಲ್ ತೆರೆದರೆ 10:42ಕ್ಕೆ ಯಾವ ಕರೆಯೂ ಇಲ್ಲ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಕಂಪ್ಯೂಟರಿನ ಗಡಿಯಾರ ಇಂಟರ್‌ನೆಟ್ ನೋಡಿ ಸರಿಯಾಗುತ್ತದೆ, ಇಪಿಎಬಿಎಕ್ಸ್‌ನ ಗಡಿಯಾರವನ್ನು ಯಾರೂ ಮುಟ್ಟಿರಲಿಲ್ಲ. ಅದು ದಿನಕ್ಕೆ ಎರಡು ಸೆಕೆಂಡಿನಂತೆ ಹಿಂದೆ ಬಿದ್ದು ಅಷ್ಟು ಹೊತ್ತಿಗೆ ನಾಲ್ಕು ನಿಮಿಷ ತಪ್ಪಾಗಿತ್ತು. 10:46ರ ಕಡತದಲ್ಲಿ ಮಾತು ಸಿಕ್ಕಿತು. ಅಂಗಡಿಯವರು ‘ಹತ್ತು ಶೀಟು’, ಅಂದರೆ ಹತ್ತು ಸ್ಟ್ರಿಪ್, ಎಂದಿದ್ದರು, ನಮ್ಮವನು ‘ಹತ್ತು ಬಾಕ್ಸಾ?’ ಎಂದು ಕೇಳಿದ್ದ, ಅಷ್ಟರಲ್ಲಿ ಅವರು ಮುಂದಿನ ಔಷಧದ ಹೆಸರಿಗೆ ಹೋಗಿದ್ದರು. ತಪ್ಪು ನಮ್ಮದೇ. ವಾಪಸಿನ ಖರ್ಚನ್ನು ನಾವೇ ಹೊತ್ತೆವು. ಅಂದಿನಿಂದ ಪ್ರತಿ ತಿಂಗಳ ಒಂದನೇ ತಾರೀಖು ಇಪಿಎಬಿಎಕ್ಸ್‌ನ ವೇಳೆಯನ್ನು ಸರಿಪಡಿಸುತ್ತೇನೆ, ಮತ್ತು ಆರ್ಡರ್ ತೆಗೆದುಕೊಳ್ಳುವವರು ಕೊನೆಯಲ್ಲಿ ಪೂರ್ತಿ ಪಟ್ಟಿಯನ್ನು ಓದಿ ಹೇಳುವುದನ್ನು ಕಡ್ಡಾಯ ಮಾಡಿದ್ದೇವೆ. ತಕರಾರು ಈಗ ತಿಂಗಳಿಗೆ ಒಂದು ಬಂದರೆ ಹೆಚ್ಚು. ಅದರಲ್ಲಿ ಯಂತ್ರದ ಪಾಲೆಷ್ಟು, ಓದಿ ಹೇಳುವ ಪದ್ಧತಿಯ ಪಾಲೆಷ್ಟು ಎಂದು ನಾನು ಬಿಡಿಸಲಾರೆ.

ಪಾಪ್‌ಅಪ್ ತಂತ್ರಾಂಶದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ 1993ರಲ್ಲಿ ತಂದ, ಕಂಪ್ಯೂಟರಿಗೂ ದೂರವಾಣಿಗೂ ನಡುವಿನ ಟ್ಯಾಪಿ ಎಂಬ ಒಡಂಬಡಿಕೆಯನ್ನು ಆಧರಿಸಿ, ಕರೆ ರಿಂಗ್ ಆಗುತ್ತಿರುವಾಗಲೇ ಅಂಗಡಿಯ ಹೆಸರನ್ನೂ ಬಾಕಿ ಮೊತ್ತವನ್ನೂ ತೋರಿಸಬೇಕಾದದ್ದು ಇದರ ಕೆಲಸ. ತೋರಿಸಿದಾಗ ನಿಜಕ್ಕೂ ಖುಷಿಯಾಗುತ್ತದೆ. ಆದರೆ ಇಪಿಎಬಿಎಕ್ಸ್ ತಯಾರಕರು ಕೊಟ್ಟ ಡ್ರೈವರ್ 32 ಬಿಟ್‌ನದು, ನಮ್ಮ ಬಿಲ್ಲಿಂಗ್ ತಂತ್ರಾಂಶ 64 ಬಿಟ್‌ನದು, ಎರಡಕ್ಕೂ ಹೊಂದಿಕೆಯಾಗದೆ ವಾರಕ್ಕೊಮ್ಮೆಯಾದರೂ ಮುನಿಸಿಕೊಳ್ಳುತ್ತವೆ. ಅಂಗಡಿಯವರು ತಮ್ಮ ಮಗನ ಮೊಬೈಲಿನಿಂದ ಕರೆ ಮಾಡಿದರೆ ಪರದೆ ಖಾಲಿ. ಆರು ತಿಂಗಳಿಗೇ ಇದನ್ನು ಬಳಸುವುದನ್ನು ಬಿಟ್ಟೆವು.

ಕೊನೆಯದಾಗಿ ಡೀಲರ್ ಸೇವೆ. ಕರೆದಾಗ ಬರುತ್ತಾರೆ, ಅದನ್ನು ಅಲ್ಲಗಳೆಯಲಾರೆ. ಆದರೆ ಇಪಿಎಬಿಎಕ್ಸ್‌ನ ಪ್ರೋಗ್ರಾಮಿಂಗ್ ಪಾಸ್‌ವರ್ಡನ್ನು ಬದಲಾಯಿಸಿ ತಮ್ಮ ಬಳಿಯೇ ಇಟ್ಟುಕೊಂಡಿದ್ದರು. ಗಡಿಯಾರ ಸರಿಪಡಿಸಲು ಹೋದಾಗ ಅದು ತಿಳಿಯಿತು. ಆ ಒಂದು ಕೆಲಸಕ್ಕೆ 600 ರೂಪಾಯಿ ವಿಸಿಟ್ ಚಾರ್ಜ್ ಹಾಕಿದರು. ಯಂತ್ರ ನಮ್ಮದು, ಕರೆಗಳು ನಮ್ಮವು, ಬೀಗದಕೈ ಮಾತ್ರ ಅವರದು ಎಂದರೆ ಹೇಗೆ ಎಂದು ಕೇಳಿದ್ದಕ್ಕೆ ‘ಎಲ್ಲ ಕಡೆಯೂ ಹೀಗೇ ಸಾರ್’ ಎಂಬ ಉತ್ತರ ಬಂತು. ಈ ವರ್ಷ ವಾರ್ಷಿಕ ನಿರ್ವಹಣಾ ಒಪ್ಪಂದವನ್ನು (ಎಎಂಸಿ) ಲಾಗರ್ ಮತ್ತು ಬಫರ್ ಪೆಟ್ಟಿಗೆಗಳಿಗೆ ಮಾತ್ರ ನವೀಕರಿಸಿದೆ, ಸಾಫ್ಟ್‌ವೇರ್ ಮತ್ತು ಪಾಪ್‌ಅಪ್‌ನ ಸಾಲುಗಳನ್ನು ಕೊಟೇಶನ್ನಿನಲ್ಲಿ ಹೊಡೆದುಹಾಕಿದೆ. ಚೆಕ್ಕನ್ನು ಮಾತ್ರ ಎರಡು ದಿನ ನನ್ನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದೆ. ಮೂರನೆಯ ದಿನ ಅವರ ಹುಡುಗ ಪಾಸ್‌ವರ್ಡ್ ಬರೆದ ಲಕೋಟೆಯನ್ನು ತಂದು ಕೊಟ್ಟ. ಅವನ ಎದುರಿಗೇ ಅದನ್ನು ಒತ್ತಿ, ಒಳಗೆ ಹೋಗುತ್ತದೆಂದು ಖಾತ್ರಿ ಮಾಡಿಕೊಂಡು, ಚೆಕ್ ಕೊಟ್ಟೆ.