ಚೈನ್ ಬಿಗಿಗೆ ಸ್ಕ್ರೂ ಅಡ್ಜಸ್ಟರೋ, ಸ್ಪ್ರಿಂಗ್ ಟೆನ್ಶನರೋ?

ಒಂದೇ ಗೇರಿನ ಸೈಕಲ್ಲಿನ ಚೈನ್ ಬಿಗಿ ಮಾಡಲು, ಹಿಂದಿನ ಚಕ್ರವನ್ನು ಹಿಂದಕ್ಕೆಳೆದು ಹಿಡಿಯುವ ಸ್ಕ್ರೂ ಅಡ್ಜಸ್ಟರ್‌ಗಿಂತ ಒಳ್ಳೆಯದನ್ನು ನಾನು ಇನ್ನೂ ಕಂಡಿಲ್ಲ. ಕಾರವಾರದಂಥ ಕಡಲ ಊರಿನಲ್ಲಂತೂ ಬೇರೆಯದರ ಮಾತೇ ಬೇಡ. ಸ್ಪ್ರಿಂಗ್ ಟೆನ್ಶನರ್‌ಗೆ ದುಡ್ಡು ಸುರಿದು, ಅದರೊಂದಿಗೆ ಎರಡು ಮಳೆಗಾಲ ಏಗಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಮನೆಯಲ್ಲಿ ಎರಡು ಸೈಕಲ್‌ಗಳಿವೆ. ಒಂದು ತಂದೆಯವರ ಕಾಲದ ಕರಿಯ ರೋಡ್‌ಸ್ಟರ್. ಅದರ ಫ್ರೇಮಿನಲ್ಲಿ ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಕೂರುವ ಸೀಳು ಅಡ್ಡಡ್ಡ ಇದೆ, ಆದ್ದರಿಂದ ಚಕ್ರವನ್ನು ಹಿಂದೆ ಮುಂದೆ ಜರುಗಿಸಿ ಚೈನ್ ಬಿಗಿ ಮಾಡಬಹುದು. ಇನ್ನೊಂದು ಗೇರಿನ ಸೈಕಲ್. ಗೇರುಗಳು ಕೆಟ್ಟ ಮೇಲೆ ಹಿಂದೆ ಒಂದೇ ಹಲ್ಲುಚಕ್ರ ಉಳಿಸಿಕೊಂಡು ಓಡಿಸುತ್ತಿದ್ದೇನೆ. ಇದರ ಸೀಳು ನೆಟ್ಟಗೆ ಕೆಳಮುಖವಾಗಿದೆ. ಚಕ್ರ ಕೂತಲ್ಲೇ ಕೂರುತ್ತದೆ, ಒಂದು ಕೂದಲೆಳೆಯಷ್ಟೂ ಹಿಂದೆ ಸರಿಯುವುದಿಲ್ಲ. ಹಾಗಾಗಿ ಗೇರು ಬದಲಿಸುವ ಸಾಧನ ಇದ್ದ ಜಾಗಕ್ಕೆ ಟೆನ್ಶನರ್ ಬಂತು: ಒಂದು ತೋಳು, ಅದರ ತುದಿಗೆ ಪುಟ್ಟ ಹಲ್ಲುಗಾಲಿ, ಒಳಗೆ ಸ್ಪ್ರಿಂಗ್.

ಹಾಕಿಸಿದ ಹೊಸದರಲ್ಲಿ ಅದು ಚೆನ್ನಾಗಿಯೇ ಇತ್ತು. ಚೈನ್ ಸಡಿಲಾದಷ್ಟೂ ತೋಳು ತಾನೇ ಒತ್ತಿಕೊಳ್ಳುತ್ತದೆ, ಪಾನಾ ಮುಟ್ಟುವ ಕೆಲಸವಿಲ್ಲ. ತೊಂದರೆ ಶುರುವಾದದ್ದು ಆ ತೋಳು ತಿರುಗುವ ಕೀಲಿನಲ್ಲಿ. ನಾನು ದಿನವೂ ಕೋಡಿಬಾಗದಿಂದ ಪೇಟೆಗೆ ಹೋಗುತ್ತೇನೆ, ಬಿಡುವಿದ್ದಾಗ ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆಗೆ ಹೋಗುತ್ತೇನೆ. ದಾರಿಯುದ್ದಕ್ಕೂ ಉಪ್ಪುಗಾಳಿ, ಕಡಲತೀರದ ನುಣ್ಣನೆಯ ಮರಳು. ಚೈನಿನ ಎಣ್ಣೆಗೆ ಮರಳು ಅಂಟಿ ಅರೆಯುವ ಹಿಟ್ಟಿನಂತಾಗುತ್ತದೆ. ಅದು ನೇರವಾಗಿ ಹೋಗಿ ಸೇರುವುದು ಕೆಳಗೆ ತೂಗುವ ಆ ಕೀಲಿಗೇ. ಜೂನ್ ಮಳೆ ಹಿಡಿಯಿತೆಂದರೆ ಸ್ಪ್ರಿಂಗಿಗೂ ತುಕ್ಕು. ತೋಳು ಎಲ್ಲಿದೆಯೋ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ.

ಕಚ್ಚಿಕೊಂಡ ಟೆನ್ಶನರ್, ಟೆನ್ಶನರ್ ಇಲ್ಲದ್ದಕ್ಕಿಂತ ಅಪಾಯ. ಹೊರಗಿಂದ ನೋಡಿದರೆ ಎಲ್ಲ ಸರಿಯಿದೆ ಎನಿಸುತ್ತದೆ, ಆದರೆ ಕೆಳಗಿನ ಚೈನ್ ಜೋತುಬಿದ್ದಿರುತ್ತದೆ. ರಸ್ತೆಯ ಒಂದು ಗುಂಡಿಗೆ ಚಕ್ರ ಇಳಿದರೆ ಸಾಕು, ಚೈನ್ ಕಳಚುತ್ತದೆ. ಹೆದ್ದಾರಿಯಲ್ಲಿ ಹಿಂದಿನಿಂದ ಲಾರಿ ಬರುತ್ತಿರುವಾಗ ಪೆಡಲ್ ಒಮ್ಮೆಲೇ ಹಗುರವಾಗಿ ಕಾಲು ಜಾರುವುದಿದೆಯಲ್ಲ, ಆ ಭಯವನ್ನು ಯಾರಿಗೂ ಬಯಸಲಾರೆ.

ಇನ್ನೊಂದು ಸಮಸ್ಯೆ ತೋಳು ಒತ್ತುವ ದಿಕ್ಕಿನದು. ಅಂಗಡಿಯವರು ಕೂರಿಸಿಕೊಟ್ಟದ್ದು ಚೈನನ್ನು ಕೆಳಕ್ಕೆ ಒತ್ತುವಂತೆ. ಹಾಗೆ ಒತ್ತಿದಾಗ ಹಿಂದಿನ ಹಲ್ಲುಚಕ್ರವನ್ನು ಚೈನ್ ಸುತ್ತಿಕೊಳ್ಳುವುದು ಕಡಿಮೆ, ಹಿಡಿದುಕೊಳ್ಳುವ ಹಲ್ಲುಗಳೂ ಕಡಿಮೆ. ಬಿಣಗಾ ಕಡೆಯ ಏರಿನಲ್ಲಿ ಎದ್ದುನಿಂತು ತುಳಿದರೆ ಚೈನ್ ಹಲ್ಲು ಹಾರಿಸುತ್ತಿತ್ತು. ಮೇಲಕ್ಕೆ ಒತ್ತುವಂತೆ ತಿರುಗಿಸಿ ಕೂರಿಸಿದ ಮೇಲೆ ಅದು ನಿಂತಿತು. ಟೆನ್ಶನರ್ ಹಾಕಲೇಬೇಕಾದವರು ಇದೊಂದನ್ನು ಅಂಗಡಿಯಲ್ಲೇ ಹೇಳಿ ಮಾಡಿಸಿಕೊಳ್ಳಿ. ಫ್ರೀವೀಲ್ (ತುಳಿಯದಿದ್ದರೂ ಚಕ್ರ ಉರುಳಲು ಬಿಡುವ ಹಿಂದಿನ ಹಲ್ಲುಚಕ್ರ) ಇಲ್ಲದೆ ಹಿಂದಕ್ಕೆ ತುಳಿದು ನಿಲ್ಲಿಸುವ ಸೈಕಲ್ಲಿಗೆ ಮಾತ್ರ ಟೆನ್ಶನರನ್ನು ಹಾಕಲೇಬಾರದು; ಹಿಂದಕ್ಕೆ ತುಳಿದಾಗ ಎಳೆತವೆಲ್ಲ ಕೆಳಗಿನ ಚೈನಿಗೆ ಬೀಳುತ್ತದೆ, ಆ ತೋಳು ಅದನ್ನು ತಡೆಯುವುದಿಲ್ಲ.

ಈಗ ಅಡ್ಜಸ್ಟರ್. ಆಕ್ಸಲ್ಲಿಗೆ ಸಿಕ್ಕಿಸುವ ಬಳೆ, ಬಾಲದಂಥ ಸ್ಕ್ರೂ, ಫ್ರೇಮಿನ ತುದಿಗೆ ಆನಿಸುವ ಪಟ್ಟಿ, ಒಂದು ನಟ್ಟು. ಇಷ್ಟೇ. ನಟ್ಟು ತಿರುಗಿಸಿದಷ್ಟೂ ಆಕ್ಸಲ್ ಹಿಂದಕ್ಕೆ ಬರುತ್ತದೆ. ಓಡುವಾಗ ತಿರುಗುವ ಭಾಗವೇ ಇಲ್ಲದ ಮೇಲೆ ಮರಳು ಏನು ಮಾಡೀತು? ಸ್ಕ್ರೂವಿನ ತಿರುಪುಗೆರೆಗಳಿಗೆ ಮಳೆಗಾಲಕ್ಕೆ ಮುಂಚೆ ಗ್ರೀಸ್ ಬಳಿದರೆ ಮುಗಿಯಿತು.

ಇದಿಲ್ಲದೆ ಬರೀ ಆಕ್ಸಲ್ ನಟ್ಟು ಬಿಗಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಮತಟ್ಟು ರಸ್ತೆಗೆ ಸಾಕು. ಏರಿನಲ್ಲಿ ಚೈನ್ ಬಲಬದಿಯನ್ನು ಮುಂದಕ್ಕೆ ಎಳೆಯುತ್ತದೆ, ಆಕ್ಸಲ್ ಓರೆಯಾಗುತ್ತದೆ, ಟಯರು ಫ್ರೇಮಿನ ಎಡಗಡೆಯ ಕೊಳವೆಗೆ ಉಜ್ಜತೊಡಗುತ್ತದೆ. ಬಲಗಡೆಯ ಅಡ್ಜಸ್ಟರ್ ಆ ಎಳೆತವನ್ನು ತಡೆದು ನಿಲ್ಲಿಸುತ್ತದೆ. ಎಡಗಡೆಯದು ಚಕ್ರವನ್ನು ನಡುವಿಗೆ ತರಲು.

ಬಿಗಿ ಎಷ್ಟಿರಬೇಕು ಎನ್ನುವುದರಲ್ಲೇ ಹೆಚ್ಚಿನವರು ಎಡವುವುದು. ತಂತಿಯಂತೆ ಬಿಗಿದರೆ ಪೆಡಲ್ ಭಾರವಾಗುತ್ತದೆ, ಚಕ್ರದ ನಡುವಿನ ಹಬ್ ಮತ್ತು ಪೆಡಲಿನ ತೋಳಾದ ಕ್ರ್ಯಾಂಕ್, ಎರಡರ ಬೇರಿಂಗುಗಳೂ ಬೇಗ ಹಾಳಾಗುತ್ತವೆ. ಕೆಳಗಿನ ಚೈನಿನ ನಟ್ಟನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿದರೆ ಒಟ್ಟು ಅರ್ಧ ಅಂಗುಲದಷ್ಟು ಆಡಬೇಕು. ಆದರೆ ಒಂದೇ ಕಡೆ ನೋಡಿ ಬಿಡಬಾರದು. ಮುಂದಿನ ಹಲ್ಲುಚಕ್ರ ಪೂರ್ತಿ ದುಂಡಗಿರುವುದು ಅಪರೂಪ. ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದರೆ ಒಂದು ಕಡೆ ಚೈನ್ ಬಿಗಿಯಾಗಿ, ಇನ್ನೊಂದು ಕಡೆ ಸಡಿಲಾಗಿ ಸಿಗುತ್ತದೆ. ಅತಿ ಬಿಗಿಯಾದ ಜಾಗದಲ್ಲಿ ನಿಲ್ಲಿಸಿ, ಅಲ್ಲಿ ಕೂಡ ಚೈನ್ ಸ್ವಲ್ಪ ಆಡುವಂತೆ ಹೊಂದಿಸಬೇಕು. ಹಲ್ಲುಚಕ್ರ ಬೋಲ್ಟಿನಲ್ಲಿ ಕೂತಿದ್ದರೆ ಬೋಲ್ಟುಗಳನ್ನು ತುಸು ಸಡಿಲಿಸಿ, ಬಿಗಿಯಾದ ಜಾಗದಲ್ಲಿ ಚೈನಿನ ಮೇಲೆ ಮೆಲ್ಲಗೆ ತಟ್ಟಿ ನಡುವಿಗೆ ತರಬಹುದು. ನನ್ನ ರೋಡ್‌ಸ್ಟರಿನಲ್ಲಿ ಅದು ಕ್ರ್ಯಾಂಕಿಗೇ ಬೆಸೆದಿದೆ, ಆ ಸೌಲಭ್ಯವಿಲ್ಲ.

ಅಡ್ಜಸ್ಟರ್ ಇದ್ದರೆ ಚಕ್ರ ಬಿಚ್ಚುವುದು ಸ್ವಲ್ಪ ತಡ. ನಮ್ಮ ಪಂಕ್ಚರ್ ಅಂಗಡಿಯವರು ಚಕ್ರ ಬಿಚ್ಚದೆ ಟ್ಯೂಬನ್ನು ಪಕ್ಕದಿಂದ ಎಳೆದು ತೇಪೆ ಹಚ್ಚುವುದರಿಂದ ನನಗೆ ಅದು ಲೆಕ್ಕಕ್ಕಿಲ್ಲ.

ಮೂರನೆಯದಾಗಿ ಅರ್ಧ ಕೊಂಡಿ. ಚೈನಿನ ಪಿನ್ನಿನಿಂದ ಪಿನ್ನಿಗೆ ಅಂತರ ಅರ್ಧ ಅಂಗುಲ. ಮಾಮೂಲಿ ಚೈನನ್ನು ಒಂದು ಅಂಗುಲದ ಜೋಡಿಯಲ್ಲೇ ಕತ್ತರಿಸಬೇಕು. ಅರ್ಧ ಕೊಂಡಿ ಸೇರಿಸಿದರೆ ಅರ್ಧ ಅಂಗುಲದಲ್ಲಿ ಹೊಂದಿಸಬಹುದು, ಅಂದರೆ ಆಕ್ಸಲ್ ಕಾಲು ಅಂಗುಲದಷ್ಟೇ ಜರುಗುತ್ತದೆ. ಸೀಳು ಗಿಡ್ಡವಿದ್ದರೆ ಉಪಕಾರಿ, ಆದರೆ ಅಡ್ಜಸ್ಟರ್‌ಗೆ ಬದಲಿಯಲ್ಲ.

ಕ್ರ್ಯಾಂಕ್ ಕೂರುವ ಭಾಗವನ್ನೇ ತಿರುಗಿಸಿ, ಕ್ರ್ಯಾಂಕನ್ನು ಹಿಂದೆ ಮುಂದೆ ಸರಿಸಿ ಬಿಗಿ ಮಾಡುವ ಫ್ರೇಮುಗಳೂ ಇವೆ. ನನ್ನ ಬಜೆಟ್ಟಿಗೆ ಎಟುಕುವಂಥದ್ದಲ್ಲ.

ಯಾವುದನ್ನೇ ಹಾಕಿದರೂ ಸವೆದ ಚೈನನ್ನು ಎಳೆದೆಳೆದು ಬಿಗಿ ಮಾಡಬೇಡಿ. ಹೊಸ ಚೈನಿನಲ್ಲಿ 24 ಅಂತರಗಳು ಸರಿಯಾಗಿ 12 ಅಂಗುಲ ಬರುತ್ತವೆ. ಸ್ಕೇಲಿಟ್ಟು ನೋಡಿದಾಗ ಅದು ಒಂದು ಅಂಗುಲದ ಹದಿನಾರನೇ ಒಂದು ಭಾಗ ಹೆಚ್ಚಾಗಿದ್ದರೆ ಚೈನ್ ಬದಲಿಸುವ ಹೊತ್ತು ಬಂದಿದೆ. ಎಂಟನೇ ಒಂದು ಭಾಗ ಹೆಚ್ಚಾಗಿದ್ದರೆ ಫ್ರೀವೀಲಿನ ಹಲ್ಲುಗಳೂ ಸವೆದಿರುವ ಸಂಭವವೇ ಹೆಚ್ಚು.

ಟೆನ್ಶನರಿನ ಬೆಲೆಯಲ್ಲಿ ಅಡ್ಜಸ್ಟರ್ ಜೋಡಿ ಹಲವು ಬರುತ್ತವೆ. ಗೇರಿನ ಫ್ರೇಮಿಗೆ ಬೇರೆ ದಾರಿಯಿಲ್ಲದ್ದರಿಂದ ಟೆನ್ಶನರನ್ನು ಕಿತ್ತಿಲ್ಲ. ತಿಂಗಳಿಗೊಮ್ಮೆ ಕೀಲು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಗ್ರೀಸ್ ತುಂಬುತ್ತೇನೆ, ಮಳೆ ನಿಂತ ಮೇಲಷ್ಟೇ ಆ ಸೈಕಲ್ ಹೊರಗೆ ತರುತ್ತೇನೆ. ದಿನದ ಓಡಾಟಕ್ಕೆ ರೋಡ್‌ಸ್ಟರೇ.