ರಾಡ್, ಗ್ಯಾಸ್‌ಲೆಸ್ ತಂತಿ, ಸಿಓಟೂ: ಒಂದೇ ಮಶೀನಿನಲ್ಲಿ ಮೂರನ್ನೂ ಕಲಿತು ನೋಡಿದೆ

ನಾನು ಲೆಕ್ಕ ಬರೆಯುವವನು. ಹುಬ್ಬಳ್ಳಿಯಲ್ಲಿ ಕೂತು ದಿನವಿಡೀ ಜಿಎಸ್‌ಟಿ ತುಂಬುವುದು ನನ್ನ ಕೆಲಸ. ವೆಲ್ಡಿಂಗ್ ಹುಚ್ಚು ಹಿಡಿಸಿದ್ದು ಅಣ್ಣಿಗೇರಿ ಕಡೆ ಇರುವ ಭಾವನ ಹೊಲ. ಎರಿ ಭೂಮಿಯಲ್ಲಿ ಹದ ಅನ್ನುವುದು ಎರಡು ಮೂರು ದಿನದ ಮಾತು. ಸರಿಯಾಗಿ ಆಗಲೇ ಟ್ರ್ಯಾಕ್ಟರ್ ಕುಂಟೆಯ ಬೆಸುಗೆ ಬಿಡುತ್ತದೆ, ಊರಿನ ವೆಲ್ಡಿಂಗ್ ಅಂಗಡಿ ಮುಂದೆ ಸಾಲು ನಿಂತಿರುತ್ತದೆ. "ನೀನರ ಕಲಿಯೋ ಮಾರಾಯಾ" ಅಂದರು ಭಾವ, ಅರ್ಧ ತಮಾಷೆಗೆ. ನಾನು ಪೂರ್ತಿ ನಿಜ ಅಂದುಕೊಂಡೆ.

ಕೊಂಡದ್ದು 200 ಆಂಪಿಯರ್‌ನ ಸಿಂಗಲ್ ಫೇಸ್ ಇನ್ವರ್ಟರ್ ವೆಲ್ಡಿಂಗ್ ಮಶೀನು. ಅದರಲ್ಲಿ ಮೂರು ದಾರಿ ಇವೆ: ಸಾದಾ ರಾಡ್ (ಮೇಲೆ ಲೇಪ ಇರುವ, ತಾನೇ ಕರಗಿ ಬೆಸುಗೆಯಾಗುವ ಕಡ್ಡಿ), ಗ್ಯಾಸ್ ಬೇಡದ ತಂತಿ, ಗ್ಯಾಸ್ ಜೊತೆಗಿನ ತಂತಿ. ಈ ಮೂರನೆಯದನ್ನೇ ಜನ ಮಿಗ್ ಅನ್ನುತ್ತಾರೆ. ಗೋಕುಲ ರಸ್ತೆಯ ಶೆಡ್‌ಗಳಲ್ಲಿ ಅದರ ಹೆಸರು 'ಸಿಓಟೂ', ಅಂದರೆ ಅದಕ್ಕೆ ಹಾಕುವ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಹೆಸರೇ. ಪುಸ್ತಕದ ಪ್ರಕಾರ ಬರೀ ಸಿಓಟೂ ಹಾಕಿದರೆ ಅದು ಮಿಗ್ ಅಲ್ಲ, ಮ್ಯಾಗ್. ಶೆಡ್‌ನಲ್ಲಿ ಹಾಗೆ ಹೇಳಿ ನಾನು ಒಮ್ಮೆ ನಗೆಪಾಟಲಾಗಿದ್ದೇನೆ, ನೀವು ಹೇಳಬೇಡಿ.

ನಮ್ಮ ಓಣಿಯ ಕಾಕಾ ಒಬ್ಬರು ಫ್ಯಾಬ್ರಿಕೇಶನ್ ಮಾಡುತ್ತಾರೆ. ಐದು ತಿಂಗಳು ಭಾನುವಾರ ಬೆಳಿಗ್ಗೆ ಅವರ ಶೆಡ್ಡೇ ನನ್ನ ಶಾಲೆ. ಮೂರನ್ನೂ ಒಂದೇ ಕಬ್ಬಿಣದ ಮೇಲೆ ಮಾಡಿದೆ: 16 ಗೇಜಿನ (ಸುಮಾರು ಒಂದೂವರೆ ಎಂಎಂ ದಪ್ಪದ) ಒಂದಿಂಚು ಚೌಕ ಪೈಪು, ಮತ್ತೆ 6 ಎಂಎಂ ದಪ್ಪದ ಪಟ್ಟಿ.

ಮೊದಲು ರಾಡ್. 2.5 ಎಂಎಂನ, 6013 ಅನ್ನುವ ನಮೂನೆಯದು. ಬೆಂಕಿಕಡ್ಡಿಯಂತೆ ಗೀರಬೇಕು, ಹೊತ್ತಿದ ಕೂಡಲೇ ಒಂದಿಷ್ಟು ಎತ್ತಬೇಕು, ಆಮೇಲೆ ಆ ಅಂತರ ಬಿಡಬಾರದು. ಆದರೆ ರಾಡ್ ಉರಿದು ಗಿಡ್ಡ ಆಗುತ್ತಾ ಹೋಗುತ್ತದೆ. ಅಂದರೆ ಕೈ ಗೆರೆಯುದ್ದಕ್ಕೂ ಸಾಗಬೇಕು, ಕೆಳಕ್ಕೂ ಇಳಿಯಬೇಕು. ಮೊದಲ ದಿನ ಹತ್ತರಲ್ಲಿ ಎಂಟು ಸಲ ಅಂಟಿಕೊಂಡಿತು. ಮೂರನೇ ಭಾನುವಾರ ಹೋಗಿ ಎರಡಿಂಚಿನ ಒಂದು ಗೆರೆ ಬಂತು, ಅದೂ ಹಾವಿನಂತೆ. ಪೈಪಿನ ಕಥೆ ಕೇಳಲೇಬೇಡಿ. ಜೋಡಿಸಿದ್ದಕ್ಕಿಂತ ತೂತು ಬಿದ್ದಿದ್ದೇ ಜಾಸ್ತಿ.

ಬೇಜಾರಾಗಿ ಗ್ಯಾಸ್‌ಲೆಸ್ ತಂತಿಗೆ ಹಾರಿದೆ. ಈ ತಂತಿ ಒಳಗೆ ಪೊಳ್ಳು, ಅದರಲ್ಲಿ ಫ್ಲಕ್ಸ್ ಪುಡಿ ತುಂಬಿರುತ್ತದೆ. ಪುಡಿ ಸುಟ್ಟು ಬರುವ ಹೊಗೆಯೇ ಕರಗಿದ ಕಬ್ಬಿಣಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ತಂತಿ ಹೊರಬರುವ ಹಿಡಿಕೆಗೆ ಟಾರ್ಚ್ ಅನ್ನುತ್ತಾರೆ. ಅದರ ಟ್ರಿಗರ್ ಒತ್ತಿದೆ. ದೀಪಾವಳಿ ಸುರಸುರಬತ್ತಿ! ಎಲ್ಲೆಡೆ ಕಿಡಿ, ಪಟ್ಟಿಯ ಮೇಲೆಲ್ಲಾ ಕಬ್ಬಿಣದ ಸಾಸಿವೆ ಕಾಳು. ಮಶೀನೇ ಕೆಟ್ಟದ್ದು ಅಂತ ಎರಡು ವಾರ ಬೈದುಕೊಂಡೆ. ಕಾಕಾ ಬಂದು ನೋಡಿ, ಮಶೀನಿನ ಮುಂದಿನ ಎರಡು ಕೇಬಲ್ ಬಿಚ್ಚಿ ಅದಲು ಬದಲು ಮಾಡಿದರು. ಅಷ್ಟೇ. ಗ್ಯಾಸ್‌ನ ಗಟ್ಟಿ ತಂತಿಗೆ ಟಾರ್ಚ್ ಪ್ಲಸ್‌ನಲ್ಲಿ ಇರಬೇಕು, ಗ್ಯಾಸ್‌ಲೆಸ್ ತಂತಿಗೆ ಮೈನಸ್‌ನಲ್ಲಿ. ಮೊದಲೇ ಗೊತ್ತಿದ್ದರೆ ಒಂದು ಕಿಲೋ ತಂತಿ ಉಳಿಯುತ್ತಿತ್ತು. ಈ ತಂತಿ ಸಾದಾ ತಂತಿಗಿಂತ ಎರಡು ಪಟ್ಟಿಗೂ ಜಾಸ್ತಿ ತುಟ್ಟಿ, ಹಾಗಾಗಿ ನೋವೂ ಎರಡು ಪಟ್ಟು.

ಕೇಬಲ್ ಸರಿಯಾದ ಮೇಲೆ ಅದೂ ಚೆನ್ನಾಗಿಯೇ ನಡೆಯಿತು. ರಾಡಿನಂತೆ ಟಾರ್ಚನ್ನು ನಮ್ಮ ಕಡೆಗೆ ಎಳೆಯುತ್ತಾ ಬರಬೇಕು. ಮುಂದಕ್ಕೆ ತಳ್ಳಿದರೆ ಕಿಟ್ಟ (ಫ್ಲಕ್ಸ್ ಕರಗಿ ಬೆಸುಗೆಯ ಮೇಲೆ ಕಟ್ಟುವ ಗಟ್ಟಿ ಪದರ) ಒಳಗೆ ಸಿಕ್ಕಿಕೊಳ್ಳುತ್ತದೆ. ಆದರೆ ಹೊಗೆ ಬಹಳ. ಮುಗಿದ ಮೇಲೆ ಕಿಟ್ಟ ಕುಟ್ಟಿ ತೆಗೆಯುವ ಕೆಲಸವೂ ತಪ್ಪಲಿಲ್ಲ.

ಇನ್ನು ಸಿಓಟೂ. 0.8 ಎಂಎಂ ತಂತಿ, ಪೈಪಿಗೆ 17-18 ವೋಲ್ಟ್, ಗ್ಯಾಸ್ ನಿಮಿಷಕ್ಕೆ 10-12 ಲೀಟರ್. ಟಾರ್ಚಿನ ತುದಿಯ ತೂತಿನಿಂದ, ಅಂದರೆ ಟಿಪ್‌ನಿಂದ, ತಂತಿ ಒಂದು ಸೆಂಟಿಮೀಟರಿನಷ್ಟು ಹೊರಗೆ. ಸೆಟ್ಟಿಂಗ್ ಸರಿಯಾಯಿತಾ ಅಂತ ತಿಳಿಯುವುದು ಹೇಗೆ ಅಂತ ಕೇಳಿದೆ. "ಕಿವಿಲೇ ಕೇಳು ತಮ್ಮಾ. ಕಾದ ಎಣ್ಯಾಗ ಮಿರ್ಚಿ ಬಿಟ್ಟಂಗ ಸಪ್ಪಳ ಬರಬೇಕು" ಅಂದರು ಕಾಕಾ. ಹುಬ್ಬಳ್ಳಿಯವನಿಗೆ ಇನ್ನೇನು ಬೇಕು? ಪಟ್ ಪಟ್ ಅಂತ ತಂತಿ ಟಾರ್ಚನ್ನೇ ಹಿಂದಕ್ಕೆ ದೂಡಿದರೆ ತಂತಿಯ ವೇಗ ಜಾಸ್ತಿ. ತುದಿ ದಪ್ಪ ಹನಿಯಾಗಿ ಟಿಪ್‌ಗೇ ಅಂಟಿಕೊಂಡರೆ ವೇಗ ಕಡಿಮೆ. ಒಂದೇ ಬೆಳಿಗ್ಗೆಯಲ್ಲಿ ಕೈ ಕೂತಿತು. ಚೌಕ ಪೈಪಿನ ಮೂಲೆಗಳು ತೂತಿಲ್ಲದೆ, ಕಿಟ್ಟ ಇಲ್ಲದೆ, ನೀಟಾಗಿ ಬಂದವು. ಫೋಟೋ ತೆಗೆದು ಭಾವನಿಗೆ ಕಳಿಸಿದೆ.

ಆಮೇಲೆ ಅದರ ತಕರಾರುಗಳು ಒಂದೊಂದಾಗಿ ಹೊರಬಂದವು. ಆಷಾಢದಲ್ಲಿ ನಮ್ಮ ಕಡೆ ಗಾಳಿ ಹೇಗೆ ಬೀಸುತ್ತದೆ ಅಂತ ಗೊತ್ತಲ್ವಾ? ಮನೆ ಮುಂದಿನ ಗೇಟನ್ನು ಅಂಗಳದಲ್ಲಿ ಇಟ್ಟು ಮಾಡಲು ಹೋದೆ. ಗಾಳಿ ಗ್ಯಾಸನ್ನು ಹೊತ್ತುಕೊಂಡು ಹೋಯಿತು, ಬೆಸುಗೆಯ ತುಂಬ ತೂತು. ಎಲ್ಲರ ಮನೆ ದೋಸೆನೂ ತೂತೇ, ಆದರೆ ಗೇಟಿಗೆ ಆ ಗಾದೆ ಹೊಂದುವುದಿಲ್ಲ. ಶೆಡ್‌ನೊಳಗೂ ಒಮ್ಮೆ ಹೀಗೇ ಆಯಿತು. ಹಿಂದೆ ಟೇಬಲ್ ಫ್ಯಾನ್ ತಿರುಗುತ್ತಿತ್ತು.

ಇನ್ನೊಂದು ಸಿಲಿಂಡರ್. ಇದರಲ್ಲಿ ಸಿಓಟೂ ದ್ರವವಾಗಿ ತುಂಬಿರುತ್ತದೆ. ಹಾಗಾಗಿ ದ್ರವ ಮುಗಿಯುವವರೆಗೆ ಒತ್ತಡದ ಮೀಟರಿನ ಮುಳ್ಳು ಹೆಚ್ಚೂ ಕಡಿಮೆ ಒಂದೇ ಕಡೆ ನಿಂತಿರುತ್ತದೆ, ನಮ್ಮ ಹವೆಯಲ್ಲಿ 60-70 ಬಾರ್ ಹತ್ತಿರ. ನಾನು ಅದನ್ನು ನೋಡಿ 'ಇನ್ನೂ ತುಂಬಿದೆ' ಅಂತ ಆರಾಮಾಗಿದ್ದೆ. ಒಂದು ಭಾನುವಾರ ಮಧ್ಯಾಹ್ನ ಮುಳ್ಳು ದಡಕ್ಕನೆ ಇಳಿಯಿತು. ಅಂಗಡಿ ಬಂದ್. ಈಗ ತೂಕ ಹಾಕಿ ನೋಡುತ್ತೇನೆ. ಖಾಲಿ ಸಿಲಿಂಡರಿನ ತೂಕ ಅದರ ಭುಜದ ಮೇಲೇ ಕೊರೆದಿರುತ್ತದೆ.

ಇಷ್ಟಿದ್ದರೂ ಸಿಓಟೂನೇ ಗೆದ್ದಿತು ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಆಗ ಕಾಕಾ ಒಂದು ಕೆಲಸ ಹಚ್ಚಿದರು. 6 ಎಂಎಂ ಪಟ್ಟಿಗಳನ್ನು ಉಲ್ಟಾ ಟಿ ಆಕಾರದಲ್ಲಿ ನಿಲ್ಲಿಸಿ, ಒಂದೇ ಬದಿಗೆ ಬೆಸುಗೆ ಹಾಕು. ಮೂರು ತುಂಡು, ಮೂರು ರೀತಿ. ಆಮೇಲೆ ಬೆಸುಗೆ ಇಲ್ಲದ ಬದಿಯಿಂದ ಸುತ್ತಿಗೆಯಲ್ಲಿ ಹೊಡೆದು, ನಿಂತ ಪಟ್ಟಿಯನ್ನು ಬೆಸುಗೆಯ ಮೇಲೆಯೇ ಮಲಗಿಸು.

ನೋಡಲು ಸಿಓಟೂದ್ದು ಎಲ್ಲಕ್ಕಿಂತ ಚಂದ ಇತ್ತು. ಎರಡನೇ ಏಟಿಗೆ ಕಳಚಿ ಬಿತ್ತು. ಕೆಳಗಿನ ಪಟ್ಟಿಯನ್ನು ಎತ್ತಿ ನೋಡಿದೆ. ಬೆಸುಗೆ ಕೂತಿದ್ದ ಜಾಗದಲ್ಲಿ ನನ್ನ ಗ್ರೈಂಡರಿನ ಗೀರುಗಳು ಹಾಗೇ ಇದ್ದವು! ಅಂದರೆ ಪಟ್ಟಿ ಕರಗಿರಲೇ ಇಲ್ಲ. ಮೇಲೆ ಮೇಣ ಸುರಿದಂತೆ ಸುಮ್ನೆ ಕೂತಿತ್ತು. ಗ್ಯಾಸ್‌ಲೆಸ್ ತಂತಿಯದ್ದು ಆರೇಳು ಏಟು ತಡೆದು ಒಂದು ತುದಿಯಲ್ಲಿ ಸೀಳಿತು. ಆ ಹಾವಿನಂಥ ರಾಡ್ ಬೆಸುಗೆ? ಪಟ್ಟಿ ಪೂರ್ತಿ ಬಗ್ಗಿತು, ಬೆಸುಗೆ ಬಿಡಲಿಲ್ಲ.

ತಪ್ಪು ನನ್ನದೇ. ಪೈಪಿಗೆ ಇಟ್ಟ ವೋಲ್ಟನ್ನೇ ದಪ್ಪ ಪಟ್ಟಿಗೂ ಬಿಟ್ಟಿದ್ದೆ. ಕಡಿಮೆ ವೋಲ್ಟಿನಲ್ಲಿ ತಂತಿ ಪಟ್ಟಿಗೆ ತಾಗಿ, ಶಾರ್ಟ್ ಆಗಿ, ಒಂದು ಹನಿ ಕರಗಿಸಿ ಬಿಡುತ್ತದೆ. ಸೆಕೆಂಡಿಗೆ ಹತ್ತಾರು ಸಲ, ಒಮ್ಮೊಮ್ಮೆ ನೂರರ ಮೇಲೂ. ಮಿರ್ಚಿ ಸಪ್ಪಳ ಬರುವುದು ಅದಕ್ಕೇ. ತೆಳು ಪೈಪಿಗೆ ಆ ಶಾಖ ಸಾಕು, 6 ಎಂಎಂಗೆ ಸಾಲದು. ಆದರೆ ಕೆಳಗೆ ಕಬ್ಬಿಣ ಕರಗಲಿ ಬಿಡಲಿ, ಮೋಟರ್ ತಂತಿ ನೂಕುತ್ತಲೇ ಇರುತ್ತದೆ, ಮೇಲೆ ಚಂದದ ಗೆರೆ ಬರುತ್ತಲೇ ಇರುತ್ತದೆ. ರಾಡ್ ಹಾಗಲ್ಲ. ಆಂಪಿಯರ್ ಕಡಿಮೆ ಇದ್ದರೆ ಅಂಟಿಕೊಂಡು ಕೂರುತ್ತದೆ, ಕೆಲಸವೇ ಮಾಡುವುದಿಲ್ಲ. ಮೊದಲ ವಾರ ನನ್ನನ್ನು ಅಳಿಸಿದ್ದು ಆ ಗುಣವೇ. ಸಿಓಟೂವನ್ನು 21 ವೋಲ್ಟಿಗೆ ಏರಿಸಿ, ತಂತಿಯ ವೇಗವನ್ನೂ ಏರಿಸಿ ಮತ್ತೆ ಮಾಡಿದೆ. ಆಗ ಅದೂ ಬಗ್ಗಿತು, ಬಿಡಲಿಲ್ಲ.

ಕಲಿಯಲು ಯಾವುದು ಅಂತ ಈಗ ಯಾರಾದರೂ ಕೇಳಿದರೆ, ಮೊದಲು ಎಲ್ಲಿ ಕೂತು ಮಾಡುತ್ತೀರಿ ಅಂತ ಕೇಳುತ್ತೇನೆ. ಗಾಳಿ ಬರದ ಶೆಡ್ ಇದ್ದು, ಕಿಟಕಿ ಗ್ರಿಲ್, ಪೈಪಿನ ಮೇಜು ಮಾಡುವವರಿಗೆ ಸಿಓಟೂ, ಎರಡು ಮಾತಿಲ್ಲ. ಗ್ಯಾಸ್‌ಲೆಸ್ ನನಗೆ ಅಷ್ಟಕ್ಕಷ್ಟೆ. ಸಿಲಿಂಡರ್ ಇಡಲು ಜಾಗ ಇಲ್ಲದವರು, ಆಗೊಮ್ಮೆ ಈಗೊಮ್ಮೆ ತೆಳು ಕೆಲಸ ಮಾಡುವವರು ತಗೊಳ್ಳಲಿ. ಹೊಲದ ಕೆಲಸಕ್ಕೆ, ತುಕ್ಕು ಹಿಡಿದ ದಪ್ಪ ಕಬ್ಬಿಣಕ್ಕೆ ರಾಡೇ. ತುಕ್ಕು, ಮಣ್ಣು ಇದ್ದರೂ ರಾಡ್ ಒಂದಿಷ್ಟು ಸಹಿಸುತ್ತದೆ. ಸಿಓಟೂಗೆ ಹೊಳೆಯುವಂತೆ ಉಜ್ಜಿಕೊಡಬೇಕು.

ಯಾವುದನ್ನೇ ಹಿಡಿಯಿರಿ, ವೆಲ್ಡಿಂಗ್ ಹೆಲ್ಮೆಟ್ ಇಲ್ಲದೆ 'ಒಂದೇ ಟ್ಯಾಕ್', ಅಂದರೆ ಒಂದೇ ಚುಕ್ಕೆ ಬೆಸುಗೆ, ಅಂತ ಹೊಡೆಯಬೇಡಿ. ನಾನು ಹೊಡೆದೆ. ಸಂಜೆವರೆಗೆ ಏನೂ ಇಲ್ಲ. ರಾತ್ರಿ ಒಂದು ಗಂಟೆಗೆ ಕಣ್ಣಿಗೆ ಉಸುಕು ಹಾಕಿ ತಿಕ್ಕಿದಂತಾಗಿ ಎದ್ದು ಕೂತೆ. ಸತು ಲೇಪಿಸಿದ ಜಿಐ ಪೈಪಿನ ಬಿಳಿ ಹೊಗೆ ಕುಡಿದರೂ ಅಷ್ಟೇ, ರಾತ್ರಿ ಚಳಿಜ್ವರ ಬರುತ್ತದೆ. ಬೆಲ್ಲ ತಿಂದರೆ ಸರಿ ಅನ್ನುತ್ತಾರೆ. ತಿನ್ನಿ, ಬೇಡ ಅನ್ನಲ್ಲ. ಆದರೆ ಮೊದಲು ಆ ಸತುವಿನ ಪದರ ಉಜ್ಜಿ ತೆಗೆದು, ಬಯಲು ಗಾಳಿಯಲ್ಲಿ ಕೂತು ಕೆಲಸ ಮಾಡಿ.

ಹೋದ ಹಂಗಾಮಿನಲ್ಲಿ ಭಾವನ ಕುಂಟೆ ಮತ್ತೆ ಬಿಟ್ಟಿತು. ಸಿಲಿಂಡರ್ ಹುಬ್ಬಳ್ಳಿಯಲ್ಲೇ ಉಳಿಯಿತು. ಮಶೀನು, ಒಂದು ಪ್ಯಾಕೆಟ್ ರಾಡ್ ಹಿಡಿದುಕೊಂಡು ಹೋದೆ. ಭಾವನ ಹಿತ್ತಲಲ್ಲಿ, ಬೀಸುವ ಗಾಳಿಯಲ್ಲೇ ಎರಡು ಪದರ ಹಾಕಿ ಕಿಟ್ಟ ಕುಟ್ಟಿದೆ. ಭಾವ ಬಗ್ಗಿ ನೋಡಿದರು. "ಫೋಟೋದಾಗ ಕಳಿಸಿದ್ದಿ ನೋಡು, ಅಷ್ಟು ಚಂದ ಇಲ್ಲಲ್ಲೋ ಇದು" ಅಂದರು. ಅವರ ಕೈಗೆ ಸುತ್ತಿಗೆ ಕೊಟ್ಟೆ.